ಹೊಟ್ಟೆ ತುಂಬುವುದು, ಹಸಿವು ಹಿಂಗುವುದು

ಉಂಡು ಎದ್ದವರು ಕನ್ನಡದಲ್ಲಿ ಎರಡು ಬಗೆಯಾಗಿ ಹೇಳುತ್ತಾರೆ. ಒಬ್ಬರು ‘ಹೊಟ್ಟೆ ತುಂಬಿತು’ ಎಂದರೆ ಇನ್ನೊಬ್ಬರು ‘ಹಸಿವು ಹಿಂಗಿತು’ ಎನ್ನುತ್ತಾರೆ. ಮೇಲುನೋಟಕ್ಕೆ ಎರಡರ ಅರ್ಥವೂ ಒಂದೇ. ಆದರೆ ಮೊದಲನೆಯದು ಪಾತ್ರೆಯ ಮಾತು, ಎರಡನೆಯದು ಒಳಗಿನ ಸೆಳೆತವೊಂದು ಇಳಿದುಹೋದ ಮಾತು. ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ವಿಷಯ ಬಂದಾಗ ನಮ್ಮ ಮಾತೆಲ್ಲ ಪಾತ್ರೆಯ ಸುತ್ತಲೇ ತಿರುಗುತ್ತದೆ. ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿಯ ಮನೆಗಳಲ್ಲಿ ಆಪರೇಷನ್ ಮಾಡಿಸಿಕೊಂಡವರನ್ನು ನೋಡಲು ಬಂದ ನೆಂಟರು ಕೇಳುವುದು ‘ಈಗ ಎಷ್ಟು ಹಿಡಿಯುತ್ತೆ?’ ಎಂದು. ವರ್ಷ ಕಳೆದು ಎರಡನೆಯ ಇಡ್ಲಿಯೂ ಒಳಗೆ ಹೋದ ದಿನ ಆಪರೇಷನ್ ಆದವರು ತಮ್ಮಲ್ಲೇ ಕೇಳಿಕೊಳ್ಳುವುದು ‘ಹೊಟ್ಟೆ ಮತ್ತೆ ಹಿಗ್ಗಿಬಿಟ್ಟಿತೇ?’ ಎಂದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ 15ರಿಂದ 49ರ ವಯಸ್ಸಿನವರಲ್ಲಿ ಶೇಕಡಾ 30ರಷ್ಟು ಹೆಂಗಸರೂ ಹೆಚ್ಚುಕಡಿಮೆ ಅಷ್ಟೇ ಗಂಡಸರೂ ಅಧಿಕ ತೂಕದವರೆಂದು ಕಂಡುಬಂದಿತು. ಇದು ಇನ್ನೂ ಬಹಳ ಮನೆಗಳಿಗೆ ಬರುವ ಪ್ರಶ್ನೆ. ಅದಕ್ಕೇ ಈ ಅಳತೆಯ ಗೀಳನ್ನು ಬಿಡಿಸಿ ನೋಡಬೇಕಾಗಿದೆ. ಶಸ್ತ್ರಚಿಕಿತ್ಸೆಯ ಬಳಿಕ ಜಠರ ಎಷ್ಟು ಮಿಲಿಲೀಟರ್ ಹಿಡಿಯುತ್ತದೆ ಎಂಬುದು ಮೊದಲ ಕೆಲವು ತಿಂಗಳಿಗೆ ಮುಖ್ಯ. ಆಮೇಲಿನ ವರ್ಷಗಳನ್ನು ನಡೆಸುವುದು ಹಸಿವು ಹಿಂಗಿಸುವ ವ್ಯವಸ್ಥೆ, ಮತ್ತು ಆ ವ್ಯವಸ್ಥೆ ಗಾತ್ರದಿಂದ ಬಹುಪಾಲು ಬೇರೆಯದು.

ಜಠರ ಮೊದಲಿಂದಲೂ ಗಟ್ಟಿ ಗೋಡೆಯ ಪಾತ್ರೆಯಲ್ಲ. ಖಾಲಿ ಇದ್ದಾಗ ಅದು ಮುದುಡಿಕೊಂಡು, ನೂರು ಮಿಲಿಲೀಟರ್ ಕೂಡ ಹಿಡಿಯದಷ್ಟಿರುತ್ತದೆ. ತುತ್ತು ಕೆಳಗಿಳಿಯುತ್ತಿದ್ದಂತೆ ವೇಗಸ್ ನರದ ಅಪ್ಪಣೆಯಂತೆ ಅದರ ಮೇಲ್ಭಾಗದ ಗುಮ್ಮಟ ಸಡಿಲಗೊಂಡು ಜಾಗ ಮಾಡಿಕೊಡುತ್ತದೆ. ಹಬ್ಬದ ಊಟದ ದಿನ ಒಂದೂವರೆ ಲೀಟರ್‌ವರೆಗೂ ಹೋಗಬಲ್ಲದು. ಇಂದು ಹೆಚ್ಚಾಗಿ ನಡೆಯುವ ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಹೀಗೆ ಹಿಗ್ಗುವ ಆ ಗುಮ್ಮಟವನ್ನೂ ಹೊರಬಾಗಿನ ಪಕ್ಕೆಯನ್ನೂ ಉದ್ದಕ್ಕೆ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಕಾಯಿಯಂತೆ ಬಾಗಿದ ಕಿರಿದಾದ ಕೊಳವೆ. ಇಸ್ರೇಲಿನ ಶಸ್ತ್ರವೈದ್ಯರ ತಂಡವೊಂದು 20 ರೋಗಿಗಳಲ್ಲಿ ಅಳೆದು 2008ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಇಡೀ ಜಠರದ ಸರಾಸರಿ ಗಾತ್ರ ಸುಮಾರು 1,550 ಮಿ.ಲೀ., ಕತ್ತರಿಸಿದ ಮೇಲೆ ಉಳಿದ ಕೊಳವೆಯದು 129 ಮಿ.ಲೀ. ನಮ್ಮ ಅಡುಗೆಮನೆಯ ಅಳತೆಯಲ್ಲಿ ಅರೆಪಾವಿನ ಆಸುಪಾಸು. ಓದಿದವರೆಲ್ಲ ನೆನಪಿಟ್ಟುಕೊಳ್ಳುವುದು ಈ ಎರಡು ಅಂಕಿಗಳನ್ನು. ಆದರೆ ಅದೇ ತಂಡ ಒತ್ತಡವನ್ನೂ ಅಳೆದಿತ್ತು. ನೀರು ತುಂಬಿಸಿದಾಗ ಇಡೀ ಜಠರದಲ್ಲಿ ಪಾದರಸದ 34 ಮಿ.ಮೀ. ಇದ್ದ ಒತ್ತಡ ಈ ಕೊಳವೆಯಲ್ಲಿ 43 ಆಗಿತ್ತು. ಅಂದರೆ ಉಳಿದದ್ದು ಸಣ್ಣದಷ್ಟೇ ಅಲ್ಲ, ಬಿಗಿ ಕೂಡ. ಎದೆಯ ಕೆಳಗೆ ಒತ್ತಿದಂತಾಗುವುದು, ಬಿಕ್ಕಳಿಕೆ ಬರುವುದು, ಒಂದು ತುತ್ತು ಹೆಚ್ಚಾದರೂ ಸಂಕಟವಾಗುವುದು ಈ ಬಿಗಿಯ ಭಾಷೆ. ಅದು ‘ಸಾಕು’ ಎನ್ನುತ್ತದೆ, ‘ತೃಪ್ತಿಯಾಯಿತು’ ಎನ್ನುವುದಿಲ್ಲ.

ಗಾತ್ರ ಒಂದೇ ಕಾರಣವಾಗಿದ್ದರೆ ಹೊಟ್ಟೆಯನ್ನು ಚಿಕ್ಕದು ಮಾಡುವ ಯಾವ ದಾರಿಯಾದರೂ ಒಂದೇ ಫಲ ಕೊಡಬೇಕಿತ್ತು. ಹಾಗೆ ಆಗಿಲ್ಲ. ಬರೀ ಪಥ್ಯದಿಂದಲೂ ಜಠರದ ಧಾರಣಶಕ್ತಿ ಕುಗ್ಗುತ್ತದೆ. ಅಮೆರಿಕದಲ್ಲಿ ಅಲನ್ ಗೆಲೀಬ್ಟರ್ ಮತ್ತು ಸಂಗಡಿಗರು ಬಲೂನು ಇಳಿಸಿ ಅಳೆದಾಗ, ನಾಲ್ಕು ವಾರದ ಕಟ್ಟುನಿಟ್ಟಿನ ಪಥ್ಯದಲ್ಲಿ ಅದು ಸುಮಾರು ಕಾಲುಭಾಗ ಇಳಿದದ್ದನ್ನು ಕಂಡರು. ಆದರೂ ಪಥ್ಯ ಮಾಡಿದವರಿಗೆ ಹಸಿವು ಹಿಂಗುವುದಿಲ್ಲ, ಏರುತ್ತದೆ. ಕಾರಣ 1999ರಲ್ಲಿ ಜಪಾನಿನ ಕೊಜಿಮಾ, ಕಂಗಾವಾ ತಂಡ ಗುರುತಿಸಿದ ಗ್ರೆಲಿನ್ ಎಂಬ ಹಾರ್ಮೋನು. ಬಹುಪಾಲು ಜಠರದ ಆ ಗುಮ್ಮಟದಲ್ಲೇ ಹುಟ್ಟುವ ಅದು ತೂಕ ಇಳಿದಂತೆಲ್ಲ ಹೆಚ್ಚಿ, ಕಳೆದದ್ದನ್ನು ವಾಪಸು ತಾ ಎಂದು ಮಿದುಳನ್ನು ಪೀಡಿಸುತ್ತದೆ. ಒಂದು ಕಾಲದಲ್ಲಿ ಜನಪ್ರಿಯವಾಗಿದ್ದ ಗ್ಯಾಸ್ಟ್ರಿಕ್ ಬ್ಯಾಂಡ್ ಜಠರದ ಮೇಲ್ತುದಿಗೆ ಪಟ್ಟಿ ಬಿಗಿದು ಅತಿ ಪುಟ್ಟ ಚೀಲವನ್ನಷ್ಟೇ ಬಿಡುತ್ತಿತ್ತು. ಗಾತ್ರದ ಲೆಕ್ಕದಲ್ಲಿ ಅದಕ್ಕೇ ಗೆಲುವಾಗಬೇಕಿತ್ತು. ಲಂಡನ್ನಿನಲ್ಲಿ ಕಾರೆಲ್ ಲೆ ರೂ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನಿರ್ಣಾಯಕವೆಂದು ನನ್ನ ಎಣಿಕೆ. ಕರುಳಿನ ದಾರಿಯನ್ನು ಬದಲಿಸುವ ಬೈಪಾಸ್ ಶಸ್ತ್ರಚಿಕಿತ್ಸೆ ಆದವರಲ್ಲಿ ಊಟದ ನಂತರ ಜಿಎಲ್‌ಪಿ-1, ಪಿವೈವೈ ಎಂಬ ಕರುಳಿನ ಹಾರ್ಮೋನುಗಳು ಚಿಮ್ಮುತ್ತಿದ್ದವು, ಬ್ಯಾಂಡ್ ಹಾಕಿಸಿಕೊಂಡವರಲ್ಲಿ ಇಲ್ಲ. ಆ ಹಾರ್ಮೋನುಗಳನ್ನು ಔಷಧಿಯಿಂದ ತಡೆದಾಗ ಬೈಪಾಸಿನವರು ಹೆಚ್ಚು ಉಂಡರು, ಬ್ಯಾಂಡಿನವರ ಊಟ ಹೆಚ್ಚಲಿಲ್ಲ. ಚೀಲ ಅಷ್ಟೇ ಇತ್ತು, ಹೊಲಿಗೆ ಅಲ್ಲೇ ಇತ್ತು. ಬದಲಾದದ್ದು ಸಂದೇಶ ಮಾತ್ರ. 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಇಲಿಗಳ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪಿತ್ತರಸದ ಆಮ್ಲಗಳನ್ನು ಗುರುತಿಸುವ ಎಫ್‌ಎಕ್ಸ್‌ಆರ್ ಎಂಬ ಗ್ರಾಹಕವಿಲ್ಲದ ಇಲಿಗಳಿಗೂ ಅದೇ ಸ್ಲೀವ್ ಮಾಡಿದರು. ಜಠರ ಅಷ್ಟೇ ಚಿಕ್ಕದಾಗಿದ್ದರೂ ಅವುಗಳಲ್ಲಿ ಇಳಿದ ತೂಕ ನಿಲ್ಲಲಿಲ್ಲ.

ಹಾಗಾದರೆ ಕತ್ತರಿಸುವುದೇಕೆ ಎಂದು ಓದುಗರು ಕೇಳಬಹುದು, ನ್ಯಾಯವಾದ ಪ್ರಶ್ನೆ. ಕತ್ತರಿಸುವುದು ಜಾಗ ಕಡಿಮೆ ಮಾಡುವುದಕ್ಕಷ್ಟೇ ಎಂದುಕೊಂಡಾಗ ಮಾತ್ರ ಈ ಪ್ರಶ್ನೆ ಏಳುತ್ತದೆ. ಗುಮ್ಮಟ ಹೋದಾಗ ಗ್ರೆಲಿನ್ನಿನ ಮುಖ್ಯ ಒರತೆ ಹೋಗುತ್ತದೆ. ಕೊಳವೆಯಾದ ಜಠರ ಆಹಾರವನ್ನು ಬೇಗ ಕೆಳಗೆ ದಾಟಿಸುವುದರಿಂದ ಸಣ್ಣ ಕರುಳಿನ ಹಾರ್ಮೋನುಗಳು ಬೇಗ, ಹೆಚ್ಚು ಎಚ್ಚರಗೊಳ್ಳುತ್ತವೆ. ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ 1960ರ ದಶಕದಲ್ಲಿ ಆರಂಭಿಸಿದ ಬೈಪಾಸ್‌ನ ಇಂದಿನ ರೂಪದಲ್ಲಿ 30 ಮಿ.ಲೀ. ಆಸುಪಾಸಿನ ಚೀಲ ಮಾಡಿ, ಕರುಳಿನ ಮೊದಲ ಭಾಗವನ್ನು ಬಳಸಿ ಹೋಗುವಂತೆ ಜೋಡಿಸುತ್ತಾರೆ. ಸ್ಲೀವ್‌ಗಿಂತ ಇದು ನಾಲ್ಕು ಪಟ್ಟು ಕಿರಿದು. ಆದರೆ ಫಿನ್ಲೆಂಡಿನ 240 ರೋಗಿಗಳನ್ನು ಐದು ವರ್ಷ ಹಿಂಬಾಲಿಸಿ 2018ರಲ್ಲಿ ಪ್ರಕಟವಾದ ‘ಸ್ಲೀವ್‌ಪಾಸ್’ ಅಧ್ಯಯನದಲ್ಲಿ ಇಳಿದ ಹೆಚ್ಚುವರಿ ತೂಕ ಸ್ಲೀವ್‌ನಲ್ಲಿ ಶೇ. 49, ಬೈಪಾಸ್‌ನಲ್ಲಿ ಶೇ. 57. ನಾಲ್ಕು ಪಟ್ಟಿನ ವ್ಯತ್ಯಾಸಕ್ಕೆ ಎಂಟು ಅಂಶದ ಫಲ. ಅದರಲ್ಲೂ ಒಂದು ಪಾಲು ಕರುಳಿನ ಜೋಡಣೆಗೆ ಸೇರಬೇಕಾದದ್ದು. 2025ರಲ್ಲಿ ಭಾರತದ ಔಷಧಿ ಅಂಗಡಿಗಳಿಗೆ ಬಂದ ಮೌಂಜಾರೊ, ವೆಗೋವಿ ಚುಚ್ಚುಮದ್ದುಗಳು ಇದೇ ಮಾತನ್ನು ಇನ್ನೊಂದು ಕಡೆಯಿಂದ ಹೇಳುತ್ತಿವೆ. ಹೊಲಿಗೆಯೊಂದೂ ಇಲ್ಲದೆ, ಜಠರದ ಒಂದು ಎಳೆಯನ್ನೂ ಮುಟ್ಟದೆ, ಕರುಳಿನ ಹಾರ್ಮೋನನ್ನು ಅನುಕರಿಸಿಯೇ ಅವು ಊಟ ಕಡಿಮೆ ಮಾಡಿಸುತ್ತವೆ.

ಹಿಗ್ಗುವಿಕೆಯ ಭಯ ‘ಎಷ್ಟು ಹಿಡಿಯುತ್ತೆ’ ಎಂಬ ಪ್ರಶ್ನೆಗಿಂತ ಆಳದ್ದು, ಹೆಚ್ಚು ನೋವಿನದೂ ಹೌದು. ಆಪರೇಷನ್ ಆದ ಹೊಸತರಲ್ಲಿ ಗಂಜಿಯ ನಾಲ್ಕು ಚಮಚೆಗೇ ಸಾಕಾಗುತ್ತಿದ್ದವರು ವರ್ಷದ ನಂತರ ಒಂದು ದೋಸೆ ಪೂರ್ತಿ ತಿಂದಾಗ ಕಳ್ಳತನ ಮಾಡಿದವರಂತೆ ಕುಗ್ಗುತ್ತಾರೆ. ಮೊದಲ ವಾರಗಳ ಇಕ್ಕಟ್ಟಿನಲ್ಲಿ ಹೊಲಿಗೆಯ ಸುತ್ತಲಿನ ಬಾವಿನದೂ ಪಾಲಿರುತ್ತದೆ, ಅದು ಇಳಿಯಲೇಬೇಕು. ಆಮೇಲೂ ಕೊಳವೆ ಹಿಗ್ಗುವುದು ನಿಜ. ಚಿಲಿ ದೇಶದ ವೈದ್ಯರು 15 ಮಂದಿಯ ಸ್ಲೀವ್‌ಗಳನ್ನು ಅಳೆದು 2009ರಲ್ಲಿ ಪ್ರಕಟಿಸಿದಂತೆ, ಶುರುವಿಗೆ ಸರಾಸರಿ 108 ಮಿ.ಲೀ. ಇದ್ದದ್ದು ಎರಡು-ಮೂರು ವರ್ಷದ ಹೊತ್ತಿಗೆ 250 ಆಗಿತ್ತು. ಎರಡು ಪಟ್ಟಿಗೂ ಹೆಚ್ಚು! ಆದರೂ ಇಳಿದ ತೂಕ ಆ ಹೊತ್ತಿಗೆ ಹಾಗೇ ನಿಂತಿತ್ತು. ತೀರಾ ಹಿಗ್ಗಿದ ಸ್ಲೀವ್‌ಗೂ ತೂಕ ಮರಳುವುದಕ್ಕೂ ನಂಟು ಕಂಡ ಅಧ್ಯಯನಗಳೂ ಇವೆ, ಅವನ್ನು ಮರೆಮಾಚಬಾರದು. ಗುಮ್ಮಟದ ಒಂದು ಭಾಗ ಉಳಿದುಹೋದಾಗ ಅದನ್ನು ಸರಿಪಡಿಸಬೇಕಾಗಿ ಬರಬಹುದು. ಆದರೆ ಹಿಗ್ಗುವುದು ಜೀವಂತ ಸ್ನಾಯುವಿನ ಸ್ವಭಾವ, ರೋಗಿಯ ಸೋಲಲ್ಲ. ಐದು ದಿನ ಬರೀ ದ್ರವ ಕುಡಿದು ಚೀಲವನ್ನು ಮತ್ತೆ ಮೊದಲಿನಂತೆ ಚಿಕ್ಕದು ಮಾಡಿಕೊಳ್ಳಿ ಎಂಬ ಉಪದೇಶಗಳಿಗೆ ಬುಡವಿಲ್ಲ. ಹೊಲಿದ ಕೊಳವೆ ಐದು ದಿನದಲ್ಲಿ ಕುಗ್ಗದು.

ಇಷ್ಟಾದರೂ ಊಟದ ತಟ್ಟೆಯ ಮುಂದೆ ಕೂತವರಿಗೆ ಏನಾದರೊಂದು ಅಳತೆ ಬೇಕಲ್ಲ. ಮಿಲಿಲೀಟರಿಗಿಂತ ಉಪಯೋಗಕ್ಕೆ ಬರುವುದು ಹದ ಮತ್ತು ಹೊತ್ತು. ಆರ್. ಪ್ರಭಾಕರ್ ಅವರು 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದಂದಿನಿಂದ ನಿಂತು, ಬೇಗ, ಬಿಸಿಬಿಸಿಯಾಗಿ ತಿನ್ನುವುದು ದಕ್ಷಿಣ ಬೆಂಗಳೂರಿನ ಬೆಳಗಿನ ಲಯವಾಗಿದೆ. ಆ ಎತ್ತರದ ಮೇಜಿನ ಮುಂದೆ ಸಾಂಬಾರಿನಲ್ಲಿ ಮುಳುಗಿದ ಎರಡು ಇಡ್ಲಿಯನ್ನು ನೋಡಿ. ಚಮಚೆ ತಾಗಿದರೆ ಕರಗುವಷ್ಟು ನೆನೆದಿರುತ್ತದೆ, ಅಗಿಯುವ ಕೆಲಸವೇ ಇಲ್ಲ, ಐದು ನಿಮಿಷದಲ್ಲಿ ಬಟ್ಟಲು ಖಾಲಿ. ಹೊಸ ಕೊಳವೆಯಲ್ಲಿ ಅದು ನಿಲ್ಲದೆ ಜಾರಿಹೋಗುತ್ತದೆ, ಗಂಟೆಯೊಳಗೆ ಮತ್ತೆ ಬಾಯಿ ಏನನ್ನೋ ಬೇಡುತ್ತದೆ. ಅದೇ ವ್ಯಕ್ತಿ ಕೂತು, ಒಗ್ಗರಣೆ ಹಾಕಿದ ಹೆಸರುಕಾಳಿನ ಉಸಲಿಯನ್ನು ಅಗಿದಗಿದು ಇಪ್ಪತ್ತು ನಿಮಿಷ ತಿಂದರೆ ಅರ್ಧ ಬಟ್ಟಲಿಗೇ ಕೈ ತಾನಾಗಿ ನಿಲ್ಲುತ್ತದೆ. ಒಂದೇ ಹೊಟ್ಟೆ, ಎರಡು ಧಾರಣಶಕ್ತಿ! ಊಟದ ಜೊತೆ ನೀರು, ಮಜ್ಜಿಗೆ ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ ಎಂದು ವೈದ್ಯರು ಹೇಳುವುದು ಇದೇ ಲೆಕ್ಕದಲ್ಲಿ. ಪಾಯಸ, ಹಣ್ಣಿನ ರಸ, ಸಕ್ಕರೆಯ ಕಾಫಿ ಎಷ್ಟು ಚಿಕ್ಕ ಹೊಟ್ಟೆಯಲ್ಲೂ ಸರಾಗವಾಗಿ ಇಳಿಯುತ್ತವೆ, ಬೈಪಾಸ್ ಆದವರಿಗೆ ಅವು ಬೆವರು, ಎದೆಬಡಿತ, ತಲೆಸುತ್ತನ್ನೂ ತರಬಹುದು.

ಗಾತ್ರ ಅಷ್ಟು ಮುಖ್ಯವಲ್ಲ ಎಂದರೆ ಜನ ಮನಸೋ ಇಚ್ಛೆ ತಿಂದಾರು ಎಂಬ ಆಕ್ಷೇಪ ವೈದ್ಯರಿಂದಲೂ ಬರಬಹುದು. ನನಗೆ ತೋರುವುದು ತದ್ವಿರುದ್ಧ. ಗಾತ್ರದ ಮೇಲೇ ಕಣ್ಣಿಟ್ಟವರು ‘ಎಷ್ಟು ಹಿಡಿಯಿತು’ ಎಂದು ನೋಡುತ್ತಾರೆಯೇ ಹೊರತು ಏನು ಹಿಡಿಯಿತು ಎಂದು ಕೇಳುವುದಿಲ್ಲ. ಅರೆಪಾವು ಅನ್ನದಲ್ಲಿ ಪ್ರೋಟೀನು 2 ಗ್ರಾಂ ಆಸುಪಾಸು, ಅಷ್ಟೇ ಬೆಂದ ಹೆಸರುಕಾಳಿನಲ್ಲಿ 7 ಗ್ರಾಂ. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕಾದವರು ಸಾರು-ಅನ್ನದಿಂದ ಶುರುಮಾಡಿದರೆ ಕಾಳು, ಪನೀರು, ಮೊಸರು, ಮೊಟ್ಟೆಗೆ ಜಾಗವೇ ಉಳಿಯದು. ಬಸವನಗುಡಿ, ಜಯನಗರದ ಸಸ್ಯಾಹಾರಿ ಮನೆಗಳಿಗೆ ಬಿ12ರ ಚಿಂತೆ ಬೇರೆ. ಹಾಲು, ಮೊಸರು ಬಿಟ್ಟರೆ ಅವರ ಊಟದಲ್ಲಿ ಅದಕ್ಕೆ ಮೂಲವೇ ಕಡಿಮೆ. ಬಿ12ರ ಜೊತೆಗೂಡಿ ಅದನ್ನು ಸಣ್ಣ ಕರುಳಿನ ತುದಿಯವರೆಗೆ ದಾಟಿಸುವ ಪ್ರೋಟೀನು ಹೆಚ್ಚಾಗಿ ಹುಟ್ಟುವುದು ಕತ್ತರಿಸಿದ, ಇಲ್ಲವೆ ದಾರಿಯಿಂದ ಸರಿಸಿದ ಜಠರದ ಭಾಗದಲ್ಲೇ. ಮಾತ್ರೆಯೋ ಚುಚ್ಚುಮದ್ದೋ ಬದುಕಿರುವವರೆಗೂ ಬೇಕು, ಕೊಳವೆ ಎಷ್ಟೇ ಹಿಗ್ಗಿದರೂ.

ಗಾತ್ರದ ನಂಬಿಕೆ ನಿಜವಾಗಿ ಅಪಾಯ ತರುವ ಒಂದು ಸಂದರ್ಭವಿದೆ. ಆಪರೇಷನ್ ಆದವರು ತಿಂದದ್ದನ್ನೆಲ್ಲ ಮತ್ತೆ ಮತ್ತೆ ವಾಂತಿ ಮಾಡತೊಡಗಿದಾಗ ‘ಹೊಟ್ಟೆ ಚಿಕ್ಕದು ಮಾಡಿದ್ದಾರಲ್ಲ, ಹಾಗಾಗತ್ತೆ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಅದು ಚಿಕ್ಕತನದ ಲಕ್ಷಣವಲ್ಲ. ಕೊಳವೆ ಎಲ್ಲೋ ತಿರುಚಿಕೊಂಡಿರಬಹುದು, ಜೋಡಣೆಯ ಬಾಯಿ ಕಿರಿದಾಗಿರಬಹುದು. ದೇಹದಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವದ ದಾಸ್ತಾನು ಇರುವುದು ಎರಡು-ಮೂರು ವಾರಕ್ಕಾಗುವಷ್ಟೇ. ಪಾಲಿಷ್ ಮಾಡಿದ ಅಕ್ಕಿಯ ಗಂಜಿಯಲ್ಲಿ ಅದು ಬಲು ಕಡಿಮೆ. ವಾಂತಿ ವಾರಗಟ್ಟಲೆ ನಡೆದರೆ ಕಣ್ಣಿಗೆ ಎರಡೆರಡು ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಗೊಂದಲವಾಗುವುದು ಶುರುವಾಗಿ, ನೆನಪಿಗೆ ಶಾಶ್ವತ ಪೆಟ್ಟು ಬೀಳಬಹುದು. ಸುಸ್ತೆಂದು ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಬರೀ ಗ್ಲೂಕೋಸ್ ಡ್ರಿಪ್ ಹಾಕಿಸಿಕೊಂಡರೆ ಉಳಿದಿದ್ದ ಅಲ್ಪಸ್ವಲ್ಪ ಥಯಾಮಿನ್ನೂ ಅದನ್ನು ಅರಗಿಸುವುದಕ್ಕೇ ಖರ್ಚಾಗಿ ಸ್ಥಿತಿ ಬಿಗಡಾಯಿಸುತ್ತದೆ. ಆದ್ದರಿಂದ ಯಾವ ಕ್ಲಿನಿಕ್ಕಿಗೆ ಹೋದರೂ ಮೊದಲು ಹೇಳಬೇಕಾದ್ದು ಇಂಥ ತಿಂಗಳು ಇಂಥ ಆಪರೇಷನ್ ಆಗಿದೆ, ಇಷ್ಟು ದಿನದಿಂದ ವಾಂತಿ ಆಗುತ್ತಿದೆ ಎಂದು. ಡ್ರಿಪ್ಪಿಗೆ ಮುಂಚೆ ಥಯಾಮಿನ್ ಚುಚ್ಚುಮದ್ದು ಕೊಡಿ ಎಂದು ಮನೆಯವರೇ ಬಾಯಿಬಿಟ್ಟು ಕೇಳಬೇಕು.