ಗದ್ದಲದ ಪಾಳಿಯಲ್ಲಿ ನಿಮಗೊಂದಿಷ್ಟು ಮೌನ

ರಾಂಜಣಗಾಂವ ಎಂಐಡಿಸಿಯಲ್ಲಿ ದುಡಿಯುವ ಕನ್ನಡಿಗರೇ, ಪಾಳಿ ಮುಗಿಯುವಷ್ಟರಲ್ಲಿ ಮೈಗಿಂತ ಮನಸ್ಸೇ ಹೆಚ್ಚು ಸೋತಿರುತ್ತಾ?

ಲೈನಿನಲ್ಲಿ ಮಾತು, ಕ್ಯಾಂಟೀನಿನಲ್ಲಿ ಮಾತು, ಕಂಪನಿ ಬಸ್ಸಿನಲ್ಲಿ ಮಾತು, ರೂಮಿಗೆ ಬಂದರೂ ಮಾತು! ಅಂತರ್ಮುಖಿಗಳಿಗೆ ಇದು ನಿಜವಾದ ದಣಿವು. ಮೌನ ಬಯಸುವ ಅಂತರ್ಮುಖಿ ಸ್ವಭಾವ ಸೊಕ್ಕಲ್ಲ, ಕಾಯಿಲೆಯೂ ಅಲ್ಲ. ಮನೋವಿಜ್ಞಾನಿ ಕಾರ್ಲ್ ಯೂಂಗ್ 1921ರಲ್ಲೇ ಈ ಸ್ವಭಾವವನ್ನು ವಿವರಿಸಿದ್ದರು.

ಹಾಗಾದರೆ ಏನು ಮಾಡಬೇಕು?

ಒಂದು, ಊಟವಾದ ಮೇಲೆ ಮೊಬೈಲ್ ಜೇಬಿಗಿಟ್ಟು ಹತ್ತು ನಿಮಿಷ ಒಬ್ಬರೇ ನಡೆಯಿರಿ.

ಎರಡು, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕಣ್ಣು ಮುಚ್ಚಿ.

ಮೂರು, ರೂಮಿನ ಗೆಳೆಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ: "ಅರ್ಧ ತಾಸು ಸುಮ್ನ ಕೂಡ್ತೀನಿ, ಆಮ್ಯಾಲೆ ಚಹಾಕ್ಕ ಹೋಗೂಣು."

ನಾಲ್ಕು, ರಜೆ ದಿನ ಮಹಾಗಣಪತಿ ಗುಡಿಗೆ ಬೆಳಗ್ಗೆ ಬೇಗ ಹೋಗಿ. ಅಷ್ಟವಿನಾಯಕ ಯಾತ್ರೆಯ ಬಸ್ಸುಗಳು ಬಂದರೆ ಜನಜಂಗುಳಿ.

ವಾರಗಟ್ಟಲೆ ನಿದ್ದೆಯಿಲ್ಲದೆ ಮನಸ್ಸು ಕುಗ್ಗಿದ್ದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಿ.

ನಿಮ್ಮ ಪಾಳಿಯ ಮೌನಿ ಗೆಳೆಯನಿಗೂ ಈ ರೀಲ್ ಕಳಿಸಿ.