ಸಾಲ ಮತ್ತು ಸರ್ಕಾರದ ಗುಟ್ಟು

ಸಾಲ ಮಾಡಿದವನಲ್ಲಿ ಗುಟ್ಟು ನಿಲ್ಲುತ್ತದೆಯೆ? ಇದು ಜಗುಲಿಯ ಹರಟೆಯ ಪ್ರಶ್ನೆಯೆಂದು ತೋರಬಹುದು. ಅಮೆರಿಕದ ಸರ್ಕಾರವಾದರೋ ಇದನ್ನು ಬರವಣಿಗೆಯಲ್ಲಿಯೇ ಕೇಳುತ್ತದೆ. ದೇಶದ ರಕ್ಷಣೆಗೆ ಸಂಬಂಧಿಸಿದ ರಹಸ್ಯ ಕಾಗದಪತ್ರಗಳನ್ನು ನೋಡಬೇಕಾದ ನೌಕರನು ಅಲ್ಲಿ ಮೊದಲು ಭದ್ರತಾ ಅನುಮತಿ ಪಡೆಯಬೇಕು. ಅದಕ್ಕಾಗಿ ತುಂಬುವ ನೀಳವಾದ ಅರ್ಜಿಯಲ್ಲಿ ಹಣಕಾಸಿಗೆಂದೇ ಒಂದು ಭಾಗವುಂಟು. ತೆರಿಗೆ ಉಳಿಸಿಕೊಂಡದ್ದುಂಟೆ, ಜೂಜಿನಿಂದ ಕಷ್ಟಕ್ಕೆ ಸಿಕ್ಕಿದ್ದುಂಟೆ, ದಿವಾಳಿ ಎದ್ದದ್ದುಂಟೆ, ಕಂತು ತಪ್ಪಿದ್ದುಂಟೆ?

ಈ ಶಂಕೆ ಬರಿಯ ಕಲ್ಪನೆಯಲ್ಲ. ಅಲ್ಲಿನ ರಾಷ್ಟ್ರೀಯ ಭದ್ರತಾ ಸಂಸ್ಥೆಯ ನೌಕರ ರೊನಾಲ್ಡ್ ಪೆಲ್ಟನ್ 1979ರಲ್ಲಿ ದಿವಾಳಿಯಾಗಿ ಕೆಲಸ ಬಿಟ್ಟ. 1980ರ ಜನವರಿಯಲ್ಲಿ ವಾಷಿಂಗ್ಟನ್ನಿನ ಸೋವಿಯತ್ ರಾಯಭಾರ ಕಚೇರಿಯ ಬಾಗಿಲು ತಟ್ಟಿದ. ಅವನ ಕೈಯಲ್ಲಿ ದಸ್ತಾವೇಜುಗಳಿರಲಿಲ್ಲ. ನೆನಪಿನಲ್ಲಿದ್ದುದನ್ನೇ ಮಾರಿದ, ದೊರೆತದ್ದು ಸುಮಾರು 35 ಸಾವಿರ ಡಾಲರು. ಗುಪ್ತಚರ ಇಲಾಖೆಯ ಆಲ್ಡ್ರಿಚ್ ಏಮ್ಸ್ ವಿವಾಹವಿಚ್ಛೇದನದ ಖರ್ಚಿನಿಂದ ಸಾಲಕ್ಕೆ ಬಿದ್ದು, 1985ರಲ್ಲಿ ಮೊದಲ 50 ಸಾವಿರ ಡಾಲರಿಗೆ ತನ್ನ ನಾಡಿನ ಗುಟ್ಟನ್ನು ಸೋವಿಯತ್ತರಿಗೆ ಒಪ್ಪಿಸಿದ. ಆಮೇಲೆ ಸಾಲವೆಲ್ಲಿ ಉಳಿಯಿತು? 5 ಲಕ್ಷ 40 ಸಾವಿರ ಡಾಲರಿನ ಮನೆಯನ್ನು ರೊಕ್ಕ ಕೊಟ್ಟು ಕೊಂಡ. ಆದರೂ ಅವನು ಸೆರೆಯಾದದ್ದು 1994ರಲ್ಲಿ. ಲೆಕ್ಕಕ್ಕೆ ಸಿಗದ ಸಿರಿಯೂ ಸಂಶಯಕ್ಕೆ ಕಾರಣವೆಂದು ಅಲ್ಲಿನ ನಿಯಮಗಳು ಹೇಳುವುದು ಸರಿಯಾಗಿಯೇ ಇದೆ.

2017ರ ಜೂನಿನಲ್ಲಿ ಜಾರಿಗೆ ಬಂದ ಮಾರ್ಗಸೂತ್ರಗಳು ಹದಿಮೂರು; ಹಣಕಾಸಿನದು ಆರನೆಯದು. ಇಷ್ಟು ಸಾಲವಿದ್ದರೆ ಅನರ್ಹನೆಂಬ ಅಂಕಿಯನ್ನು ಅದರಲ್ಲಿ ಹುಡುಕಿದರೆ ಸಿಗುವುದಿಲ್ಲ. ತೀರಿಸಲಾರದವನೇ, ತೀರಿಸಲೊಲ್ಲದವನೇ ಎಂಬುದನ್ನು ಅದು ವಿಚಾರಿಸುತ್ತದೆ. ಕೆಲಸ ಹೋದದ್ದು, ಕಾಯಿಲೆ, ಮನೆಯವರ ಸಾವು, ವಿಚ್ಛೇದನ, ಸುಲಿಗೆಯ ಸಾಲಕೊಡುಗರ ಮೋಸ ಇವೆಲ್ಲ ಕ್ಷಮಾರ್ಹ ಕಾರಣಗಳೇ. ಆದರೆ ಆ ಸಂಕಟದಲ್ಲಿಯೂ ಅವನು ಹೊಣೆಯರಿತು ನಡೆದಿರಬೇಕು. ಅರ್ಜಿಯಲ್ಲಿ ಸಾಲವನ್ನು ಬೇಕೆಂದೇ ಮುಚ್ಚಿಟ್ಟರೆ ಅದು ಬೇರೊಂದು ಮಾರ್ಗಸೂತ್ರದ ಕೆಳಗೆ ಬರುತ್ತದೆ. ಸಾಲಕ್ಕಿಂತ ಆ ಸುಳ್ಳೇ ಹೆಚ್ಚು ಮುಳುವಾಗಬಹುದು. ನಮ್ಮ ಕೇಂದ್ರ ಸರ್ಕಾರಿ ನೌಕರರ 1964ರ ನಡತೆಯ ನಿಯಮಗಳಲ್ಲಿಯೂ, ಸದಾ ಸಾಲದಲ್ಲಿ ಮುಳುಗಿರದಂತೆ ಸ್ವಂತ ವ್ಯವಹಾರವನ್ನು ನಡೆಸಿಕೊಳ್ಳಬೇಕೆಂಬ ವಿಧಿಯೊಂದಿದೆ.

ನನ್ನನ್ನು ಕಾಡುವ ಸಂಗತಿ ಬೇರೆ. ಅನುಮತಿ ತಪ್ಪಿದರೆ ಅದನ್ನೇ ನೆಚ್ಚಿದ ಉದ್ಯೋಗವೂ ಹೋಗುತ್ತದೆ. ಉದ್ಯೋಗವಿಲ್ಲದವನು ಸಾಲ ತೀರಿಸುವುದು ಹೇಗೆ? ಇದಕ್ಕೆ ಕಾನೂನು ಕರಗುವುದಿಲ್ಲ. ಇಂಥ ಅನುಮತಿ ಯಾರ ಹಕ್ಕೂ ಅಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1988ರಲ್ಲಿ ಹೇಳಿತು. ಸಂದೇಹವಿದ್ದಲ್ಲಿ ಅದರ ಲಾಭ ದೇಶಕ್ಕೆ, ಅರ್ಜಿದಾರನಿಗಲ್ಲ.

ರಕ್ಷಣಾ ಇಲಾಖೆಯ ಗುತ್ತಿಗೆದಾರರ ನೌಕರರು ಇಂಥ ನಿರಾಕರಣೆಯನ್ನು ಪ್ರಶ್ನಿಸಿ ವಿಚಾರಣಾಧಿಕಾರಿಯ ಮುಂದೆ ಹೋಗಬಹುದು. ಹೆಸರುಗಳನ್ನು ತೆಗೆದು ಪ್ರಕಟಿಸುವ ಆ ತೀರ್ಪುಗಳಲ್ಲಿ ಕೆಲವನ್ನು ಓದಿದ್ದೇನೆ. ಗೂಢಚಾರರ ಕಥೆ ಅಲ್ಲಿಲ್ಲ. ಆಸ್ಪತ್ರೆಯ ಬಿಲ್ಲು, ಮುರಿದ ಸಂಸಾರ, ವರ್ಷಗಟ್ಟಲೆ ಸಲ್ಲಿಸದ ತೆರಿಗೆಯ ಲೆಕ್ಕ, ಇಷ್ಟೇ. ಅರ್ಜಿದಾರನು ತೀರಿಸಿದ ಕಂತುಗಳ ರಸೀದಿಗಳನ್ನು ಮುಂದಿಡುತ್ತಾನೆ. ಅಧಿಕಾರಿ ಮೊತ್ತವನ್ನು ನೋಡಿ ಸುಮ್ಮನಾಗುವುದಿಲ್ಲ, ತಾರೀಖನ್ನೂ ನೋಡುತ್ತಾನೆ. ಸರ್ಕಾರದ ನೋಟೀಸು ಕೈಸೇರಿದ ಮೇಲೆ ಕಟ್ಟತೊಡಗಿದ ಕಂತಿಗೆ ಅಲ್ಲಿ ಬೆಲೆ ಕಡಮೆ.