ಲಾಡ್ಜ್, ಖಾನಾವಳಿ ಕೆಲಸಗಾರರಿಗೆ ಎಚ್‌ಐವಿ ಇದ್ದರೆ ಕೆಲಸ ಬಿಡಿಸಬಹುದಾ? ಮಾಲೀಕರು ತಿಳಿಯಬೇಕಾದ್ದು ಇಷ್ಟು

ಯಾದಗಿರಿ: ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ, ಆಮೇಲೆ ತಿಂಥಣಿ ಮೌನೇಶ್ವರ ಜಾತ್ರೆ. ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಸುರಪುರದ ಅರಮನೆ, ನಾರಾಯಣಪುರ ಡ್ಯಾಂ ನೋಡಲೂ ಮಂದಿ ಬರ್ತಾರೆ. ಇವರನ್ನು ನೋಡಿಕೊಳ್ಳುವವರು ಲಾಡ್ಜ್ ಹುಡುಗರು, ಖಾನಾವಳಿ ಅಡುಗೆಯವರು, ರೊಟ್ಟಿ ಬಡಿಯುವ ಹೆಣ್ಣುಮಕ್ಕಳು, ಕ್ರೂಸರ್ ಮತ್ತು ಟಂಟಂ ಡ್ರೈವರ್‌ಗಳು. ಇವರಲ್ಲಿ ಎಚ್‌ಐವಿ ಇದ್ದವರಿಗೆ ರೋಗಕ್ಕಿಂತ ಕೆಲಸ ಹೋದೀತು ಅನ್ನೋ ಭಯವೇ ದೊಡ್ಡದು. ಆ ಭಯಕ್ಕೆ ಗುಳಿಗೆ ತರುವ ತಾರೀಖು ತಪ್ಪಿಸಿದರೆ ಆರೋಗ್ಯ ಕೆಡುತ್ತದೆ.

ಅವರು ಮಾಡಿದ ಊಟ ಉಂಡರೆ ಬರ್ತದೇನ್ರಿ?

ಇಲ್ಲ. ಊಟ, ನೀರು, ತಟ್ಟೆ, ಹಾಸಿಗೆ, ಕೈ ಮುಟ್ಟುವುದು, ಕೆಮ್ಮು, ಸೊಳ್ಳೆ ಕಡಿತ, ಒಂದೇ ಶೌಚಾಲಯ ಬಳಸುವುದು, ಯಾವುದರಿಂದಲೂ ಎಚ್‌ಐವಿ ಹರಡುವುದಿಲ್ಲ. ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಬಳಸಿದ ಸೂಜಿ, ತಾಯಿಯಿಂದ ಮಗುವಿಗೆ, ಹರಡುವ ದಾರಿ ಇವು. ಅಡುಗೆಮನೆಯಲ್ಲಿ ಕೈ ಕೊಯ್ದುಕೊಂಡರೆ ತೊಳೆದು ಪಟ್ಟಿ ಕಟ್ಟಬೇಕು. ಇದು ಎಲ್ಲ ಕೆಲಸಗಾರರಿಗೂ ಅನ್ವಯ.

ದಿನಾ ಗುಳಿಗೆ, ದಿನಾ ಕೆಲಸ

2004ರಿಂದ ಸರ್ಕಾರ ಎಆರ್‌ಟಿ ಔಷಧ ಉಚಿತವಾಗಿ ಕೊಡುತ್ತಿದೆ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಗುಳಿಗೆ. ತಪ್ಪದೆ ತೆಗೆದುಕೊಂಡರೆ ಎಲ್ಲರಂತೆ ದುಡಿಯಬಹುದು. ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದಲೂ ಇನ್ನೊಬ್ಬರಿಗೆ ಹರಡುವುದಿಲ್ಲ.

ತೊಂದರೆ ಬರುವುದು ಸೀಜನ್‌ನಲ್ಲಿ. ಹಗಲೂ ರಾತ್ರಿ ಕೆಲಸ, ರಜೆ ಇಲ್ಲ, ಗುಳಿಗೆ ಮುಗಿದಿರ್ತದೆ. ಪದೇಪದೇ ತಪ್ಪಿದರೆ ಔಷಧವೇ ನಾಟದಂತೆ ಆಗಬಹುದು. ಜಾತ್ರೆಗೆ ಮುಂಚೆಯೇ ಎಆರ್‌ಟಿ ಕೇಂದ್ರಕ್ಕೆ ಹೋಗಿ ಔಷಧ ತಂದಿಟ್ಟುಕೊಳ್ಳುವುದು ಒಳ್ಳೇದು. ಎರಡು ವಾರ ಕೆಮ್ಮು ಬಿಡದಿದ್ದರೆ ಕ್ಷಯ ಪರೀಕ್ಷೆ ಮಾಡಿಸಬೇಕು.

ಕಾನೂನು ಏನು ಹೇಳ್ತದೆ?

ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017, ಜಾರಿಯಾದದ್ದು 2018ರ ಸೆಪ್ಟೆಂಬರ್ 10ರಂದು. ಅದರ ಪ್ರಕಾರ:

• ಎಚ್‌ಐವಿ ಇದೆ ಅನ್ನೋ ಒಂದೇ ಕಾರಣಕ್ಕೆ ಕೆಲಸ ನಿರಾಕರಿಸುವಂತಿಲ್ಲ, ಬಿಡಿಸುವಂತಿಲ್ಲ.
• ಕೆಲಸಕ್ಕೆ ಸೇರಿಸಲು ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡು ಬಾ ಅನ್ನುವಂತಿಲ್ಲ.
• ನಂಬಿ ಹೇಳಿದ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಯಾರಿಗೂ ಹೇಳುವಂತಿಲ್ಲ.
• ಎಚ್‌ಐವಿ ಇದ್ದವರ ವಿರುದ್ಧ ದ್ವೇಷ ಹರಡಿದರೆ 2 ವರ್ಷದ ತನಕ ಜೈಲು, 1 ಲಕ್ಷ ರೂಪಾಯಿ ತನಕ ದಂಡ ಆಗಬಹುದು. ವಾಟ್ಸಾಪ್‌ನಲ್ಲಿ ಹಾಕುವ ಮುಂಚೆ ಇದು ನೆನಪಿರಲಿ.

ಮಾಲೀಕರು ಮಾಡಬೇಕಾದ್ದು

ಆಸ್ಪತ್ರೆ ಅಂದರೆ ಯಾಕೆ, ಏನು ಅಂತ ಕೆದಕದೆ ಒಂದು ದಿನ ರಜೆ ಕೊಡಿ. ಪಗಾರ ಹಿಡಿಯಬೇಡಿ. ಊಟ, ನಿದ್ದೆಗೆ ಹೊತ್ತು ಸಿಗಲಿ. ಹೇಳಿಕೊಂಡರೆ ನಿಮ್ಮಲ್ಲೇ ಇಟ್ಟುಕೊಳ್ಳಿ. ಖರ್ಚು ಹೆಚ್ಚೇನಿಲ್ಲ, ಕೈಪಳಗಿದ ಕೆಲಸಗಾರ ನಿಮ್ಮಲ್ಲೇ ಉಳಿತಾರೆ.

ಪರೀಕ್ಷೆ, ಆಪ್ತಸಮಾಲೋಚನೆ ಬೇಕಾದವರು ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ವಿಚಾರಿಸಬಹುದು. ಎರಡೂ ಉಚಿತ, ಗುಟ್ಟಾಗಿಯೇ ಇರ್ತದೆ. ಮಾಹಿತಿಗೆ ಉಚಿತ ಸಹಾಯವಾಣಿ 1097. ಕೆಲಸದಿಂದ ತೆಗೆದರೆ ಕಾನೂನು ನೆರವಿಗೆ 15100.